ಗುಡುಗಿನ ನಂತರ ಲಿನಕ್ಸ್‌ಗೆ ಡಿಸ್ಕ್ ಕಾಣ್ತಿಲ್ಲ, ಗ್ರಬ್‌ನಲ್ಲೇ (ಬೂಟಿನ ಮೆನುವಿನಲ್ಲೇ) ಸುಧಾರಿಸಿದವರು ಇದ್ದೀರಾ?

ಪೆರ್ಲ: ಮೊನ್ನೆ ಗುಡುಗು ಬರುವಾಗ ಎರಡು ಸಲ ಕರೆಂಟ್ ಹೋಗಿ ಬಂತು. ಆಮೇಲೆ ಉಬುಂಟು ಅರ್ಧಕ್ಕೇ ನಿಂತು, ಡಿಸ್ಕ್ ಸಿಗದಾಗ ಬರುವ ಇನಿಟ್‌ರಾಮ್‌ಎಫ್‌ಎಸ್ ಪ್ರಾಂಪ್ಟ್‌ಗೆ ಬೀಳ್ತದೆ, ರೂಟಿನ ಯುಯುಐಡಿ, ಅಂದರೆ ಸಿಸ್ಟಮ್ ಇರುವ ಡಿಸ್ಕ್ ಭಾಗದ ಗುರುತು, ಇಲ್ಲ ಅಂತದೆ. ಮೂರು ಸಲಕ್ಕೊಮ್ಮೆ ಸರಿಯಾಗಿ ಏಳ್ತದೆ. ಸದ್ಯ ಹೊಸ ಡಿಸ್ಕಿಗೆ ದುಡ್ಡಿಲ್ಲ.

ಮಂಜೇಶ್ವರ: ನಾನು ಸುಧಾರಿಸಿ ಎರಡು ವರ್ಷ ಆಯ್ತು. ನನ್ನದು ಯುಎಸ್‌ಬಿ ಡಬ್ಬಿಯ ಹಾರ್ಡ್ ಡಿಸ್ಕ್. ಅದು ತಿರುಗಿ ತಯಾರಾಗುವ ಮೊದಲೇ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಹುಡುಕಿ ಸೋಲ್ತಿತ್ತು. ಇದು ಗೊತ್ತಾಗುವ ಮೊದಲು ಮಂಗಳೂರಿಗೆ ಎರಡು ಸಲ ಹೊತ್ತುಕೊಂಡು ಹೋದೆ. ನೋಡಿದ್ದಕ್ಕೇ 600 ರೂಪಾಯಿ. ಬೋರ್ಡೇ ಹೋಗಿದೆ ಅಂತ 4,800ರ ಲೆಕ್ಕ ಬರೆದುಕೊಟ್ಟರು, ಆ ಚೀಟಿ ಈಗಲೂ ಮೇಜಿನ ಗಾಜಿನಡಿ ಉಂಟು. ಕಡೆಗೆ ಗ್ರಬ್‌ನಲ್ಲಿ ‘ಇ’ ಒತ್ತಿ ಕರ್ನಲ್ ಸಾಲಿನ ಕೊನೆಗೆ ರೂಟ್‌ಡಿಲೇ=15 ಹಾಕಿದೆ, ಡಿಸ್ಕಿಗೆ 15 ಸೆಕೆಂಡು ಕಾಯಲಿ ಅಂತ. ಎದ್ದಿತು. ಅದನ್ನೇ ಗ್ರಬ್ಬಿನ ಸೆಟ್ಟಿಂಗ್ ಫೈಲಿನಲ್ಲೂ ಬರೆದು ಅಪ್‌ಡೇಟ್-ಗ್ರಬ್ ಕೊಟ್ಟು ಖಾಯಂ ಮಾಡಿದೆ. ಖರ್ಚು ಸೊನ್ನೆ.

ಬದಿಯಡ್ಕ: ಹೀಗೆ ಧೈರ್ಯ ಕೊಡಬೇಡಿ ಮಾರಾಯ್ರೆ. ನನಗೂ ಯಾರೋ ಹೀಗೆಯೇ ಹೇಳಿದ್ದು. ಪರದೆ ತುಂಬ ‘ರೀಡ್ ಎಫ್‌ಪಿಡಿಎಂಎ ಕ್ಯೂಡ್’ ಎರರ್ ಬರ್ತಿತ್ತು. ಲಿಬ್‌ಎಟಿಎ.ಫೋರ್ಸ್=ನೋಎನ್‌ಸಿಕ್ಯು ಹಾಕಿದೆ, ಡಿಸ್ಕಿಗೆ ಹಲವು ಕೆಲಸ ಒಟ್ಟಿಗೆ ಸಾಲಾಗಿ ಕೊಡುವುದು ನಿಲ್ಲಲಿ ಅಂತ. ಎರರ್ ಮಾಯ. ಐದು ತಿಂಗಳು ನೆಮ್ಮದಿ. ಡಿಸ್ಕ್ ತನ್ನ ಆರೋಗ್ಯ ತಾನೇ ಬರೆದಿಡುವ ಸ್ಮಾರ್ಟ್ ಪಟ್ಟಿಯ 197ನೇ ಸಾಲು, ಓದಲಾಗದೆ ಬಾಕಿ ಉಳಿದ ಸೆಕ್ಟರುಗಳದ್ದು, 8 ಇದ್ದದ್ದು 40 ಆಯ್ತು, 312 ಆಯ್ತು. ನೋಡಿಯೂ ಸುಮ್ಮನಿದ್ದೆ, ಬೂಟ್ ಆಗ್ತದಲ್ಲ ಅಂತ. ಒಂದು ಬೆಳಿಗ್ಗೆ ಟಕ್ ಟಕ್ ಶಬ್ದ ಬಂತು, ಮತ್ತೆ ಬಯಾಸಿಗೂ ಕಾಣಲಿಲ್ಲ. ನಾಲ್ಕು ವರ್ಷದ ಅಡಿಕೆ ಲೆಕ್ಕ, ಅಪ್ಪನ ಕೊನೆಯ ಫೋಟೋಗಳು ಅದರಲ್ಲೇ. ತೆಗೆದುಕೊಡ್ಲಿಕ್ಕೆ 18,000 ಕೇಳಿದರು, ಕೊಟ್ಟೆ. ಫೋಟೋ ಅರ್ಧ ಬಂತು, ಲೆಕ್ಕ ಬರಲೇ ಇಲ್ಲ.

ಮಂಜೇಶ್ವರ: ನಿಮ್ಮ ಡಿಸ್ಕ್ ಸತ್ತದ್ದಕ್ಕೆ ಗ್ರಬ್ ಎಂತ ಮಾಡ್ತದೆ? ನನ್ನದಕ್ಕೆ ಅದನ್ನು ತಂದು ಕಟ್ಟಬೇಡಿ.

ಬದಿಯಡ್ಕ: ಗ್ರಬ್‌ನಿಂದ ಸತ್ತದ್ದು ಅಂತ ನಾನು ಎಲ್ಲಿ ಹೇಳಿದೆ? ಸಾಯ್ತಾ ಇದ್ದದ್ದು ನನ್ನ ಕಣ್ಣಿಗೆ ಬೀಳದ ಹಾಗೆ ಆಯ್ತು. ಸರಿಯಾಗಿ ಓದಿ.

ಕುಂಬಳೆ: ಇಬ್ಬರೂ ಕೇಬಲ್ ನೋಡಿದ್ರಾ? ನಾನು 3,200 ಕೊಟ್ಟು ಹೊಸ ಎಸ್‌ಎಸ್‌ಡಿ ಹಾಕಿದ ಮೇಲೂ ಅದೇ ಎರರ್. ಆ ರಾತ್ರಿ ಊಟ ಸೇರಲಿಲ್ಲ. ಸ್ಮಾರ್ಟ್ ಪಟ್ಟಿಯ 199ನೇ ಸಾಲು, ದಾರಿಯಲ್ಲಿ ಡೇಟಾ ಕೆಟ್ಟು ಬರುವ ಸಿಆರ್‌ಸಿ ಎರರಿನದ್ದು, ಹೊಸದರಲ್ಲೂ ಏರ್ತಾ ಹೋಯ್ತು. ಸಾಟಾ ಕೇಬಲ್ ಕಿತ್ತು ಟಾರ್ಚ್ ಹಿಡಿದರೆ ತುದಿಯೊಳಗೆ ಹಸಿರು ಕಿಲುಬು. ನಮ್ಮದು ಕಡಲ ಬದಿ. 120 ರೂಪಾಯಿಯ ಕೇಬಲ್ ಹಾಕಿದ್ದೇ, ಆ ಸಂಖ್ಯೆ ನಿಂತಿತು. ಇಳಿಯುವುದಿಲ್ಲ, ನಿಂತರೆ ಆಯ್ತು. ಇದಕ್ಕೆ ಮಂಗಳೂರಿಗೆ ಯಾಕೆ ಓಡುವುದು? ಇಲ್ಲಿ ಕೇರಳದಲ್ಲಿ ಶಾಲೆ ಮಕ್ಕಳೂ ಲಿನಕ್ಸೇ ಕಲಿಯುವುದು, ಅವರನ್ನು ಕೇಳಿದ್ದರೂ ಆಗ್ತಿತ್ತು.

ಮಂಜೇಶ್ವರ: ನಮಗೆ ಕಾಸರಗೋಡಿಗಿಂತ ಮಂಗಳೂರೇ ಹತ್ತಿರ. ನನ್ನ ಮಗಳೂ ಅಂಥದ್ದೇ ಶಾಲೆಯಲ್ಲಿ ಕಲಿತದ್ದು. ಇನಿಟ್‌ರಾಮ್‌ಎಫ್‌ಎಸ್ ಬಿಡಿಸ್ಲಿಕ್ಕೆ ಅಲ್ಲಿ ಯಾರೂ ಕಲಿಸುವುದಿಲ್ಲ.

ನೀರ್ಚಾಲು: ಕರೆಂಟಿನ ವಿಷಯ ಯಾರೂ ಎತ್ತಲಿಲ್ಲ. ನಮ್ಮಲ್ಲಿ ಇನ್ವರ್ಟರ್ ಇದ್ದೂ ಎರಡು ಡಿಸ್ಕ್ ಹೋಯ್ತು. ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲೇ ಕಂಪ್ಯೂಟರ್ ಆಫ್ ಆಗ್ತಿತ್ತು.

ಕುಂಬಳೆ: ಆರು ವರ್ಷದಿಂದ ನಮ್ಮದು ಇನ್ವರ್ಟರಿನಲ್ಲೇ ಓಡುವುದು. ಸುಮ್ಮನೆ ಹೆದರಿಸಬೇಡಿ.

ನೀರ್ಚಾಲು: ಹೆದರಿಸುವುದಲ್ಲ, ನನ್ನ ಎರಡು ಡಿಸ್ಕ್ ಹೋದದ್ದು ಹೇಳಿದ್ದು. ನಿಮ್ಮ ಇನ್ವರ್ಟರಿನ ಹಿಂದಿನ ಸ್ವಿಚ್ಚು ಯುಪಿಎಸ್ ಕಡೆ (ಬ್ಯಾಟರಿಗೆ ಬೇಗ ಬದಲಾಗುವ ಕಡೆ) ಉಂಟಾ, ಇನ್ನೊಂದು ಕಡೆಯಾ? ಈಗಲೇ ಎದ್ದು ನೋಡಿ ಬಂದು ಹೇಳಿ.