ಗಂಗಾವತಿ ಸುತ್ತ ಹೊಲದ ಸೊಪ್ಪು, ಗುಡ್ಡದ ಹಣ್ಣು ಕೀಳುವಾಗ ಏನೇನು ನೋಡಬೇಕು?

ಕಾಲುವೆ ದಂಡೆ (ಗಂಗಾವತಿ) ಕೇಳಿದ್ದು:

ಎಲ್ಲರಿಗೂ ಶರಣು. ನಮ್ಮ ಅತ್ತೆಯವರು ಕುಷ್ಟಗಿ ಕಡೆಯ ಒಣಬೇಸಾಯದ ಊರಿನವರು. ಮುಂಗಾರು ಹಿಡಿದೊಡನೆ ಗೋಳಿ ಪಲ್ಯ, ಕಿರಕಸಾಲಿ, ತಗಚಿಯ ಚಿಗುರು, ಹಿಂಗಾರಿಯಲ್ಲಿ ಹಕ್ಕರಕಿ, ಹೀಗೆ ಹೊಲದಲ್ಲಿ ತಾನಾಗಿ ಬೆಳೆದದ್ದನ್ನೇ ತಂದು ಮನೆಮಂದಿಗೆಲ್ಲ ಉಣಬಡಿಸಿದವರು. ಈಗ ಅವರಿಗೆ ಕಣ್ಣು ಮಂದವಾಗಿದ್ದು, ತಂದುಕೊಟ್ಟ ಸೊಪ್ಪನ್ನು ಮುಟ್ಟಿ, ಮೂಸಿ ಗುರುತು ಹೇಳುತ್ತಾರೆಯೇ ಹೊರತು ಹೊಲದವರೆಗೆ ನಡೆಯಲಾರರು. ಅವರು ಇರುವಾಗಲೇ ಇದನ್ನೆಲ್ಲ ಕಲಿತು ಮಕ್ಕಳಿಗೂ ಕಲಿಸಬೇಕೆಂಬುದು ನನ್ನ ಆಸೆ.

ನಾವಿರುವುದು ಕಾಲುವೆ ನೀರಿನ ಭತ್ತದ ಸೀಮೆಯಲ್ಲಿ. ಕಾಲುವೆಯ ಅಂಚಿನಲ್ಲಿ ಹೊನಗೊನ್ನೆ ಸೊಂಪಾಗಿ ಬೆಳೆದಿದೆ; ಅದನ್ನು ಕೀಳಬಹುದೇ? ಗೋಳಿಯಂತೆಯೇ ಕಾಣುವ ಬೇರೆ ಗಿಡಗಳನ್ನು ಬೇರ್ಪಡಿಸುವುದು ಹೇಗೆ? ಆನೆಗೊಂದಿ ಸುತ್ತಲಿನ ಗುಡ್ಡಗಳಿಗೆ ಹೋದಾಗ ಸೀತಾಫಲ, ಕಾರೆ, ಕವಳಿ ಹಣ್ಣುಗಳನ್ನು ಎಷ್ಟು ಕಿತ್ತರೆ ಗಿಡಕ್ಕೆ ತೊಂದರೆಯಾಗುವುದಿಲ್ಲ? ತಿಳಿದವರು ದಯವಿಟ್ಟು ಹೇಳಬೇಕು.

ಎರೆಹೊಲ (ಲಿಂಗಸುಗೂರು):

ಅಕ್ಕನವರೇ, ನಿಮ್ಮ ಅತ್ತೆಯವರು ಮುಟ್ಟಿ, ಮೂಸಿ ಹೇಳುವುದೇ ಸರಿಯಾದ ಕ್ರಮ. ಮೊಬೈಲಿನಲ್ಲಿ ಚಿತ್ರ ನೋಡಿ ಸೊಪ್ಪು ಗುರುತಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ, ಏಕೆಂದರೆ ಚಿತ್ರಕ್ಕೆ ವಾಸನೆಯೂ ಇಲ್ಲ, ಮುರಿದರೆ ಬರುವ ರಸವೂ ಇಲ್ಲ.

ಗೋಳಿಯನ್ನು ಹೀಗೆ ನೋಡಿರಿ. ದಂಟು ನುಣುಪಾಗಿ, ಕೆಂಪಡರಿ, ನೀರು ತುಂಬಿದಂತೆ ದಪ್ಪಗಿರುತ್ತದೆ. ಎಲೆ ತೊಟ್ಟಿನ ಕಡೆ ಕಿರಿದಾಗಿ ತುದಿಯ ಕಡೆ ಅಗಲವಾಗುತ್ತದೆ, ಹೂವು ಹಳದಿ. ಬಲಿತ ಕಾಯಿಯ ಮೇಲ್ಭಾಗ ಮುಚ್ಚಳದಂತೆ ಕಳಚಿಕೊಂಡು ಒಳಗೆ ಕಪ್ಪನೆಯ ನುಣ್ಣನೆ ಬೀಜಗಳು ಕಾಣುತ್ತವೆ. ದಂಟನ್ನು ಮುರಿದರೆ ತಿಳಿ ನೀರು ಬರಬೇಕು; ಬಿಳಿ ಹಾಲು ಬಂದರೆ ಅದು ಗೋಳಿಯಲ್ಲ, ನೆಲಕ್ಕಂಟಿ ಹಬ್ಬುವ ಹಾಲುಗಿಡ, ಅದನ್ನು ಬಿಟ್ಟುಬಿಡಿರಿ. ಹತ್ತಿ ಹೊಲದಲ್ಲಿ ಗೋಳಿಯ ಪಕ್ಕದಲ್ಲೇ ಹಬ್ಬುವ ಇನ್ನೊಂದು ದಪ್ಪೆಲೆಯ ಕಳೆಯೂ ಇದೆ. ಅದಕ್ಕೆ ಹಾಲಿಲ್ಲವಾದ್ದರಿಂದ ಮೋಸ ಹೋಗುವವರು ಹೆಚ್ಚು. ಅದರ ಎಲೆಗಳು ಎದುರುಬದುರಾಗಿದ್ದು ಒಂದು ಜೋಡಿಯಲ್ಲೇ ಒಂದೆಲೆ ದೊಡ್ಡದು, ಇನ್ನೊಂದು ಚಿಕ್ಕದು. ಹೂವು ಹಳದಿಯಲ್ಲ, ನಸುಗೆಂಪು ಇಲ್ಲವೇ ಬಿಳಿ. ಬಲಿತದ್ದನ್ನು ತಿಂದರೆ ಹೊಟ್ಟೆ ಕೆಡುತ್ತದೆ.

ಆದರೆ ಹಾಲು ಬಂದದ್ದೆಲ್ಲ ವಿಷವೆಂಬ ಮಾತನ್ನು ಮಕ್ಕಳಿಗೆ ಕಲಿಸಬೇಡಿರಿ. ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಹಕ್ಕರಕಿಯಲ್ಲಿಯೂ ಹಾಲಿದೆ, ಹಾಲಿಲ್ಲದ ದತ್ತೂರಿಯಂತೂ ಕಡುವಿಷ. ಎಲ್ಲಕ್ಕೂ ಅನ್ವಯಿಸುವ ಒಂದೇ ಸೂತ್ರವಿಲ್ಲದ್ದರಿಂದ ಒಂದೊಂದು ಗಿಡವನ್ನೂ ಮೊಳಕೆಯಿಂದ ಬೀಜದವರೆಗೆ ನೋಡಿ ಕಲಿಯಬೇಕಾಗುತ್ತದೆ. ಈ ವರ್ಷಕ್ಕೆ ಗೋಳಿ, ಕಿರಕಸಾಲಿ ಎರಡನ್ನೇ ಕಲಿತರೂ ಸಾಕು.

ಕೀಳುವಾಗ ಬೇರುಸಹಿತ ಕೀಳದೆ ತುದಿಯನ್ನಷ್ಟೇ ಚಿವುಟಿದರೆ ಅದೇ ಗಿಡ ಮತ್ತೆ ಒಡೆಯುತ್ತದೆ. ಹಕ್ಕರಕಿಯಲ್ಲಿ ಕೆಲವು ಗಿಡಗಳನ್ನಾದರೂ ಮುಟ್ಟದೆ ಹೂವಿಗೆ ಬಿಡಬೇಕು. ಇಲ್ಲದಿದ್ದರೆ ಮುಂದಿನ ಹಿಂಗಾರಿಗೆ ಬೀಜವೆಲ್ಲಿಂದ ಬರಬೇಕು? ಮೊದಲೇ ಕಳೆನಾಶಕದ ಹೊಡೆತಕ್ಕೆ ನಮ್ಮ ಜೋಳದ ಹೊಲಗಳಲ್ಲಿ ಅದು ಅಪರೂಪವಾಗುತ್ತಿದೆ, ಇದು ನನಗೆ ನಿಜವಾಗಿಯೂ ಸಂಕಟದ ಸಂಗತಿ.

ಸಸ್ಯಶಾಸ್ತ್ರದ ಅಧ್ಯಾಪಕ (ಬಳ್ಳಾರಿ):

ಮೇಲಿನ ಉತ್ತರ ಬಹಳ ಚೆನ್ನಾಗಿದೆ. ಕಾಲುವೆಯ ಪ್ರಶ್ನೆಗೆ ಮಾತ್ರ ನೇರವಾಗಿ ಹೇಳುತ್ತೇನೆ: ಅಲ್ಲಿನ ಹೊನಗೊನ್ನೆಯನ್ನು ಕೀಳಬೇಡಿ. ಗಿಡ ತಿನ್ನಲು ಯೋಗ್ಯವಾದದ್ದೇ, ಆದರೆ ಅದು ನಿಂತ ಜಾಗ ಯೋಗ್ಯವಲ್ಲ. ಭತ್ತಕ್ಕೆ ಹೊಡೆದ ಎಣ್ಣೆ, ಕಳೆನಾಶಕ, ಊರಿನ ಚರಂಡಿ ನೀರು ಎಲ್ಲವೂ ಬಸಿದು ಸೇರುವ ಕಡೆ ಬೆಳೆಯುವ ಹೊನಗೊನ್ನೆ ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂನಂತಹ ಲೋಹಗಳನ್ನೂ ಹೀರಿಕೊಳ್ಳುತ್ತದೆ. ಉಪ್ಪುನೀರಿನಲ್ಲಿ ತೊಳೆದರೆ ಎಲೆಯ ಮೇಲಿನ ಧೂಳು ಹೋಗುತ್ತದೆಯೇ ವಿನಾ ಒಳಗೆ ಸೇರಿದ್ದು ಹೋಗುವುದಿಲ್ಲ. ಹೊಲದ ಸೊಪ್ಪನ್ನಾದರೂ ಅಲ್ಲಿ ಏನು ಹೊಡೆದಿದ್ದಾರೆ, ಯಾವಾಗ ಹೊಡೆದಿದ್ದಾರೆ ಎಂದು ಹೊಲದವರನ್ನು ಕೇಳಿದ ಮೇಲೆಯೇ ಕೀಳಿರಿ. ಹೆದ್ದಾರಿಯ ಬದಿ, ಅದಿರು ಲಾರಿಗಳು ಓಡಾಡುವ ರಸ್ತೆಯ ಬದಿ ಬೇಡವೇ ಬೇಡ.

ತಗಚಿಯ ಬಗ್ಗೆಯೂ ಎಚ್ಚರವಿರಲಿ. ತಿನ್ನುವ ತಗಚಿಯಲ್ಲಿ ಸಾಮಾನ್ಯವಾಗಿ ಮೂರು ಜೋಡಿ ಎಲೆಗಳಿದ್ದು ತುದಿ ದುಂಡಗಿರುತ್ತದೆ, ಕಾಯಿ ಸಣ್ಣಗೆ, ಉದ್ದಕ್ಕೆ, ಕುಡುಗೋಲಿನಂತೆ ಬಾಗಿರುತ್ತದೆ. ದೊಡ್ಡ ತಗಚಿಯಲ್ಲಿ ನಾಲ್ಕೈದು ಜೋಡಿ ಎಲೆಗಳು, ತುದಿ ಚೂಪು, ಹಿಚುಕಿದರೆ ದುರ್ವಾಸನೆ, ಕಾಯಿ ಚಪ್ಪಟೆ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಮಕ್ಕಳ ಯಕೃತ್ತು, ಸ್ನಾಯು, ಮಿದುಳು ಮೂರಕ್ಕೂ ಘಾತ ತಂದು ಸಾವಿಗೆ ದೂಡಿದ ಕಾಯಿಲೆಗೆ ಈ ದೊಡ್ಡ ತಗಚಿಯ ಬೀಜಗಳನ್ನು ತಿಂದದ್ದೇ ಕಾರಣವೆಂದು ಅಲ್ಲಿನ ವೈದ್ಯರು ಗುರುತಿಸಿದ್ದಾರೆ. ಮಕ್ಕಳನ್ನು ಕರೆದೊಯ್ಯುವವರು ಇದರ ಜೊತೆಗೆ ಗುಲಗಂಜಿ, ಬೇಲಿಯ ಕಾಡುಹರಳು, ಗೆಣಸಿನಂತೆ ಕಾಣುವ ಅಗ್ನಿಶಿಖೆಯ ಗಡ್ಡೆ, ಇವುಗಳನ್ನು ತಿನ್ನುವ ಸೊಪ್ಪಿಗಿಂತ ಮೊದಲೇ ತೋರಿಸಿಕೊಡಬೇಕು. ಕಾಕಿ (ಗಣಿಕೆ) ಹಣ್ಣನ್ನು ಪೂರ್ತಿ ಕಪ್ಪಾದ ಮೇಲಷ್ಟೇ ತಿನ್ನಬೇಕು, ಹಸಿರು ಕಾಯಿ ವಿಷ.

ಕಾಲುವೆ ದಂಡೆ (ಗಂಗಾವತಿ):

ಇಬ್ಬರಿಗೂ ಧನ್ಯವಾದಗಳು. ಹೊನಗೊನ್ನೆಯನ್ನು ಮನೆಯ ಹಿಂದೆ ಕುಂಡದಲ್ಲಿ ನೆಟ್ಟುಕೊಳ್ಳುತ್ತೇನೆ. ನಮ್ಮ ಯಜಮಾನರಿಗೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು. ಅವರು ಗೋಳಿ ತಿನ್ನಬಹುದೇ? ಮಳೆ ಬಿದ್ದಾಗ ಹುತ್ತದ ಮೇಲೆ ಏಳುವ ಅಣಬೆಯ ಬಗ್ಗೆ ಏನು ಹೇಳುತ್ತೀರಿ?

ಸಸ್ಯಶಾಸ್ತ್ರದ ಅಧ್ಯಾಪಕ (ಬಳ್ಳಾರಿ):

ಗೋಳಿಯಲ್ಲಿ ಆಕ್ಸಲೇಟ್, ಅಂದರೆ ಮೂತ್ರಪಿಂಡದಲ್ಲಿ ಕಲ್ಲಾಗಲು ಕಾರಣವಾಗಬಲ್ಲ ಅಂಶ, ಹೆಚ್ಚು. ಕುದಿಸಿ ನೀರು ಬಸಿದು, ಮೊಸರಿನ ಜೊತೆ ಉಂಡರೆ ಅದರ ಬಾಧೆ ಕಡಿಮೆಯಾಗುತ್ತದೆ, ಆದರೆ ಕಲ್ಲಾದವರು ವೈದ್ಯರನ್ನು ಕೇಳದೆ ತಿನ್ನುವುದು ಬೇಡ. ಅಣಬೆಯನ್ನು ನಾನು ಯಾರಿಗೂ ಬರಹದಲ್ಲಿ ಕಲಿಸುವುದಿಲ್ಲ. ಅಣಬೆಯ ಜೊತೆ ಬೇಯಿಸಿದ ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ ವಿಷವಿಲ್ಲ ಎಂಬ ನಂಬಿಕೆ ಪೂರ್ತಿ ಸುಳ್ಳು.

ಗುಡ್ಡದ ದಾರಿ (ಸಂಡೂರು):

ಹಣ್ಣಿನ ಪ್ರಶ್ನೆ ಉಳಿದಿದೆ. ಕಾರೆ, ಕವಳಿ, ಬಾರಿ ಹಣ್ಣುಗಳು ಕರಡಿ, ನರಿ, ಹಕ್ಕಿಗಳ ಆಹಾರವೂ ಹೌದು. ಅವು ತಿಂದು ಹಾಕಿದ ಬೀಜಗಳಿಂದಲೇ ಈ ಕಲ್ಲುಗುಡ್ಡಗಳಲ್ಲಿ ಹೊಸ ಗಿಡಗಳೇಳುತ್ತವೆ. ಆದ್ದರಿಂದ ಕೈಗೆಟುಕುವ ಕೊಂಬೆಯಲ್ಲಿ ಮಾಗಿದ್ದನ್ನಷ್ಟೇ ಬಿಡಿಸಿ, ಮೇಲಿನದನ್ನು ಬಿಡಿ. ಕೊಂಬೆ ಕಡಿದು ಮನೆಗೆ ತರುವ ರೂಢಿ ಸರಿಯಲ್ಲ. ಸೀತಾಫಲ ಕಣ್ಣು ಬಿಟ್ಟು, ಕಣ್ಣುಗಳ ನಡುವಿನ ಗೆರೆ ಬಿಳಿಹಳದಿಗೆ ತಿರುಗಿದಾಗಲೇ ಕೀಳಬೇಕು. ಎಳೆಯದು ಮನೆಯಲ್ಲಿ ಹಣ್ಣಾಗದೆ ಕರಿದಾಗಿ ಒಣಗುತ್ತದೆ. ಅದರ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಗಾಯವಾಗುವುದರಿಂದ ಮಕ್ಕಳು ಜಜ್ಜಿ ಆಡದಂತೆ ನೋಡಿಕೊಳ್ಳಿ.

1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮದಂತಹ ಕಡೆ 1972ರ ವನ್ಯಜೀವಿ ಕಾಯ್ದೆ ಅನ್ವಯಿಸುತ್ತದೆ, ಅನುಮತಿಯಿಲ್ಲದೆ ಒಂದು ಹಣ್ಣನ್ನೂ ಕೀಳುವಂತಿಲ್ಲ. ಉಳಿದ ಗುಡ್ಡಗಳಲ್ಲಿಯೂ, ಬುಟ್ಟಿ ತುಂಬ ಹಣ್ಣಾಯ್ದು ಬಸ್ ನಿಲ್ದಾಣದಲ್ಲಿ ಮಾರಿ ಬದುಕುವ ಹೆಂಗಸರಿದ್ದಾರೆ. ಮಕ್ಕಳಿಗೆ ಒಂದು ಹಿಡಿ ಬಿಡಿಸಿಕೊಟ್ಟು, ಮನೆಗೆ ಬೇಕಾದದ್ದನ್ನು ಅವರಿಂದಲೇ ಕೊಂಡುಕೊಳ್ಳಿ. ಯಾವ ಗುಡ್ಡದಲ್ಲಿ ಈ ಸಲ ಹಣ್ಣು ಕಡಿಮೆ ಎಂಬುದನ್ನೂ ಅವರೇ ಹೇಳುತ್ತಾರೆ.