ಮಗಳಿಗೆ ಗ್ವೆನ್‌ಲಿಯನ್ ಅಂತ ಹೆಸರಿಡೋದಾ? ಅನುಭವ ಇದ್ದವರು ಹೇಳಿ

ಹಾಸನದ ಹುಡುಗಿ: ಸ್ವಾನ್ಸಿಯಲ್ಲಿದ್ದೇನೆ, ಮನೆಯವರು ವೇಲ್ಸ್‌ನವರು. ಮಗುವಿಗೆ ಗ್ವೆನ್‌ಲಿಯನ್ ಅಂತಲೇ ಇಡಬೇಕು ಅಂತ ಅತ್ತೆಗೆ ಆಸೆ. ನಮ್ಮಮ್ಮನಿಗೆ ಅದು ಬಾಯಿಗೇ ಬರಲ್ಲ. ಮುಂದಿನ ವಾರ ನೋಂದಣಿ.

ಗ್ವೆನಮ್ಮ: ನಾವು ಇಟ್ಟೆವು, ಅವಳಿಗೀಗ ಒಂಬತ್ತು. ಮೊದಲ ಸಲ ಊರಿಗೆ ಬರುವಾಗ ಟಿಕೆಟ್‌ನಲ್ಲಿ Gwenllian ಅನ್ನುವುದರ ಎರಡು ಎಲ್‌ಗಳಲ್ಲಿ ಒಂದು ಬಿಟ್ಟುಹೋಗಿತ್ತು. ತಿದ್ದಿಸಲು 60 ಪೌಂಡ್, ಫೋನಿನಲ್ಲಿ 47 ನಿಮಿಷ, ಕೌಂಟರ್‌ನಲ್ಲಿ ಮತ್ತೆ 25 ಪೌಂಡ್. ಬೆಳ್ಳಿ ಬಟ್ಟಲಿನ ಮೇಲೂ ಹೆಸರು ತಪ್ಪಾಯಿತು, ಉಜ್ಜಿಸಿ ಮತ್ತೆ ಕೆತ್ತಿಸಲು 1,800 ರೂಪಾಯಿ. ಆದರೂ ಬೇಸರವಿಲ್ಲ. 1136ರಲ್ಲಿ ಗಂಡ ಉತ್ತರ ವೇಲ್ಸ್‌ಗೆ ಸಹಾಯ ಕೇಳಲು ಹೋಗಿದ್ದಾಗ ತಾನೇ ಸೈನ್ಯ ಕಟ್ಟಿಕೊಂಡು, ಇಂಗ್ಲೆಂಡ್ ಗೆದ್ದು ವೇಲ್ಸ್‌ಗೂ ನುಗ್ಗಿದ್ದ ನಾರ್ಮನ್ನರ ಮೇಲೆ ಹೋಗಿ ಪ್ರಾಣ ಕೊಟ್ಟವಳ ಹೆಸರು ಅದು. ಕಿಡ್ವೆಲಿ ಕೋಟೆ ಹತ್ತಿರ ಅವಳು ಹೋರಾಡಿದ ಬಯಲಿಗೆ ಇವತ್ತಿಗೂ ಮೈಸ್ ಗ್ವೆನ್‌ಲಿಯನ್, ಅಂದರೆ ಗ್ವೆನ್‌ಲಿಯನ್ ಬಯಲು, ಅಂತಾರೆ.

ನಿಯಾಳ ತಾಯಿ: ಎಲ್ಲರೂ ಯುದ್ಧದವಳನ್ನೇ ಹೇಳುತ್ತೀರಿ. ನಮ್ಮ ಮಾವನವರು ಹೇಳುತ್ತಿದ್ದದ್ದು ಇನ್ನೊಬ್ಬಳ ಕಥೆ. 1282ರಲ್ಲಿ ಹುಟ್ಟಿದ ರಾಜಕುಮಾರಿ, ವೇಲ್ಸ್ ಆಳುತ್ತಿದ್ದ ಲುವೆಲಿನ್‌ನ ಒಬ್ಬಳೇ ಮಗಳು, ಹೆಸರು ಇದೇ ಗ್ವೆನ್‌ಲಿಯನ್. ಹೆರಿಗೆಯಲ್ಲೇ ತಾಯಿ ಹೋದಳು, ಡಿಸೆಂಬರಿನಲ್ಲಿ ತಂದೆಯನ್ನು ಕೊಂದರು. ಕೂಸನ್ನು ಇಂಗ್ಲೆಂಡಿನ ರಾಜ ಮೊದಲನೇ ಎಡ್ವರ್ಡ್ ಅಲ್ಲಿನ ಲಿಂಕನ್‌ಶೈರಿನ ಸೆಂಪ್ರಿಂಗಮ್ ಮಠಕ್ಕೆ ಸೇರಿಸಿದ. 1337ರಲ್ಲಿ ಸಾಯುವ ತನಕ ಅಲ್ಲೇ ಇದ್ದಳು. ಮಾವ ಆ ಹೆಸರು ಕೇಳಿದರು, ನಾವು ಜನ ಏನಂತಾರೋ ಅಂತ ಹೆದರಿ ನಿಯಾ ಅಂತ ಇಟ್ಟೆವು. ಈಗ ಅವಳ ಕ್ಲಾಸಿನಲ್ಲಿ ಮೂವರು ನಿಯಾ. ಮಾವ ಇಲ್ಲ. ತೊಟ್ಟಿಲ ಹತ್ತಿರ ಅವರು ಏನೂ ಅನ್ನದೆ ಟೋಪಿ ತೆಗೆದುಕೊಂಡು ಎದ್ದು ಹೋದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಮಂಡ್ಯ ಮೋಹನ: ಇಷ್ಟಕ್ಕೆಲ್ಲ ಯಾಕೆ ಗೋಳು? ಳ ಹಾಕಿ ಗ್ವೆನ್ಳಿಯನ್ ಅಂದರೆ ಆಯಿತು. ನಾನು ಮಗಳಿಗೆ ಕಾವೇರಿ ಅಂತ ಇಟ್ಟೆ, ಕಾರ್ಡಿಫ್‌ನಲ್ಲಿ ಎಲ್ಲರೂ ಚೆನ್ನಾಗೇ ಕರೀತಾರೆ.

ಗ್ವೆನಮ್ಮ: ಸಾರ್, ವೆಲ್ಷ್‌ನಲ್ಲಿ ಆ ಎರಡು ಎಲ್‌ನ ಉಚ್ಚಾರ ಳ ಅಲ್ಲವೇ ಅಲ್ಲ! ಲ ಅನ್ನುವ ಹಾಗೆ ನಾಲಿಗೆ ಇಟ್ಟು, ದನಿ ತೆಗೆಯದೆ ಪಕ್ಕದಿಂದ ಗಾಳಿ ಬಿಡಬೇಕು. ನಮ್ಮಮ್ಮ ರೊಟ್ಟಿ ತಟ್ಟುತ್ತಾ ಎರಡು ದಿನ ಊದಿ ಊದಿ ಕಲಿತರು, ಕಟ್ಟೆ ತುಂಬ ಅಕ್ಕಿ ಹಿಟ್ಟು.

ಮಂಡ್ಯ ಮೋಹನ: ಕನ್ನಡದಲ್ಲಿ ಇಲ್ಲದ ಅಕ್ಷರ ಅಜ್ಜಿಗೆ ಯಾಕೆ ಕಲಿಸಬೇಕು?

ನಿಯಾಳ ತಾಯಿ: ಮೊಮ್ಮಗಳ ಹೆಸರು ರೀ ಅದು! ಸೆಂಪ್ರಿಂಗಮ್‌ನವಳ ಹೆಸರನ್ನು ಇಂಗ್ಲಿಷರು ಹೀಗೇ ಬಾಯಿಗೆ ಬಂದ ಹಾಗೆ ಬರೆದರು. ಕೊನೆಗೆ 2009ರಲ್ಲಿ ಉತ್ತರ ವೇಲ್ಸ್‌ನ ಸ್ನೋಡೋನಿಯಾದ ಒಂದು ಬೆಟ್ಟಕ್ಕೆ ಕಾರ್ನೆಡ್ ಗ್ವೆನ್‌ಲಿಯನ್ ಅಂತ ಹೆಸರಿಟ್ಟರು. ಹೋದ ಬೇಸಿಗೆ ಹತ್ತಿ ಬಂದೆ. ಹಾಸನದವರೇ, ಅಮ್ಮನಿಗೆ ಇವತ್ತೇ ಫೋನ್ ಮಾಡಿ, ಊದೋಕೆ ಶುರು ಮಾಡಲಿ.