ಅಪ್‌ಡೇಟ್: ನಮಾಝಿನಲ್ಲಿ ಮನಸ್ಸು ನಿಲ್ಲುತ್ತಿಲ್ಲ ಎಂದು ಕೇಳಿದ್ದೆ

ರಂಝಾನ್ ಮುಗಿದ ಮೇಲೆ ನಮಾಝ್ ಬರೀ ಕಸರತ್ತಾಗಿದೆ, ಯಾರಾದರೂ ನೋಡುತ್ತಿದ್ದರೆ ಮಾತ್ರ ನಿಧಾನವಾಗಿ ಮಾಡುತ್ತೇನೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಜಝಾಕಲ್ಲಾಹು ಖೈರನ್.

ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದು ಸಣ್ಣ ಸಲಹೆ. ಸುಜೂದ್‌ನಲ್ಲಿ (ಹಣೆ ನೆಲಕ್ಕೆ ತಾಗಿಸಿ ಸಾಷ್ಟಾಂಗ ಮಾಡುವಾಗ) ‘ಸುಬ್‌ಹಾನ ರಬ್ಬಿಯಲ್ ಅಅ್‌ಲಾ’ ಎಂಬ ಸ್ತುತಿಯನ್ನು ಮೂರು ಸಲ ಒಟ್ಟಿಗೆ ಓಡಿಸಬೇಡ, ಪ್ರತಿ ಸಲಕ್ಕೂ ಒಂದು ಉಸಿರು ಕೊಡು ಎಂದಿದ್ದರು. ಹಾಗೆ ಮಾಡಿದರೆ ಹಣೆ ಚಾಪೆಗೆ ತಾಗಿರುವುದು ನಿಜವಾಗಿ ಗೊತ್ತಾಗುತ್ತದೆ. ಪ್ರತಿ ರಕಅತ್‌ಗೂ (ನಮಾಝಿನ ಒಂದು ಸುತ್ತು) ಕುರ್‌ಆನಿನ ಪುಟ್ಟ ಅಧ್ಯಾಯವಾದ ಇಖ್ಲಾಸ್ ಸೂರಾವನ್ನೇ ಓದುವುದನ್ನೂ ಬಿಟ್ಟೆ. ಈಗ ಮಾವೂನ್ ಸೂರಾ ಕಲಿತಿದ್ದೇನೆ, ಏಳೇ ಆಯತ್ (ವಚನ). ತೋರಿಕೆಗೆ ನಮಾಝ್ ಮಾಡುವವರನ್ನೂ, ಸಣ್ಣಪುಟ್ಟ ಸಾಮಾನು ಕೊಡಲೂ ಹಿಂಜರಿಯುವವರನ್ನೂ ಅದು ಒಟ್ಟಿಗೇ ಎಚ್ಚರಿಸುತ್ತದೆ. ಪಕ್ಕದ ಮನೆಯವರು ಏಣಿ ಕೇಳಿದ್ದು ನೆನಪಾಯಿತು, ಕೊಟ್ಟು ಬಂದೆ.

ಫಜ್ರ್, ಅಂದರೆ ಬೆಳಗಿನ ಜಾವದ ನಮಾಝ್, ಇನ್ನೂ ಕಷ್ಟ. ಆದರೆ ಫೋನನ್ನು ಅಡುಗೆಮನೆಯಲ್ಲಿ ಇಟ್ಟು ಮಲಗಿ ಎಂದವರ ಮಾತು ಕೆಲಸ ಮಾಡಿತು. ಅಲಾರಂ ನಿಲ್ಲಿಸಲು ಹೋದರೆ ನಲ್ಲಿ ಅಲ್ಲೇ ಇರುತ್ತದೆ. ವುಝೂ (ನಮಾಝಿಗೆ ಮುಂಚೆ ಕೈಕಾಲು ಮುಖ ತೊಳೆಯುವುದು) ಮಾಡದೆ ವಾಪಸ್ ಬರಲು ನಾಚಿಕೆ!

ತಹಜ್ಜುದ್ (ರಾತ್ರಿ ನಿದ್ದೆಯಿಂದ ಎದ್ದು ಮಾಡುವ ಐಚ್ಛಿಕ ನಮಾಝ್) ಶುರು ಮಾಡು ಅಂದವರಿಗೆ: ಸದ್ಯಕ್ಕೆ ಬೇಡ. ಕಡಿಮೆಯಾದರೂ ಬಿಡದೆ ಮಾಡುವ ಸತ್ಕರ್ಮವೇ ಅಲ್ಲಾಹನಿಗೆ ಹೆಚ್ಚು ಇಷ್ಟ ಎಂಬ ಹದೀಸ್ (ಪ್ರವಾದಿಯವರ ಮಾತು) ಇದೆ ಅಲ್ವಾ, ಅದನ್ನೇ ಹಿಡಿದಿದ್ದೇನೆ. ಫರ್ಝ್ (ಕಡ್ಡಾಯ) ನಮಾಝ್ ಆದ ಮೇಲೆ ಸುಬ್‌ಹಾನಲ್ಲಾಹ್ 33, ಅಲ್‌ಹಮ್ದುಲಿಲ್ಲಾಹ್ 33, ಅಲ್ಲಾಹು ಅಕ್ಬರ್ 34 ಸಲ ಹೇಳುವ ತಸ್ಬೀಹ್ ಮುಗಿಸದೆ ಏಳುವುದಿಲ್ಲ, ಅಷ್ಟೇ.

ನಮಾಝ್ ಲೆಕ್ಕ ಇಡುವ ಆ್ಯಪ್ ಮಾತ್ರ ನನಗೆ ಒಗ್ಗಲಿಲ್ಲ. ಹಸಿರು ಟಿಕ್ ನೋಡಲಿಕ್ಕೇ ನಮಾಝ್ ಮಾಡಿದ ಹಾಗಾಗುತ್ತಿತ್ತು, ತೆಗೆದುಹಾಕಿದೆ.

ಇನ್ನೊಂದು ಪ್ರಶ್ನೆ. ಕೆಲಸಕ್ಕೆ ಹೋಗುವವರು ಶುಕ್ರವಾರ ಕಹಫ್ ಸೂರಾ ಯಾವಾಗ ಓದುತ್ತೀರಿ? 110 ಆಯತ್ ಒಂದೇ ಸಲ ಕೂತು ಓದಲು ನನಗಂತೂ ಆಗುತ್ತಿಲ್ಲ.